ಚಿನ್ನದ ಊರು ಡಲಾನೆಗ: ಅಪ್ಪ ಅಮ್ಮನ ಜೊತೆ ಎರಡು ದಿನ ಸುತ್ತುವುದು ಹೇಗೆ?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರಿಗೆ ಮೊದಲ ಹದಿನೈದು ದಿನ ಎಲ್ಲವೂ ಚೆಂದ. ಆಮೇಲೆ ಬೇಜಾರು ಶುರು. ರಸ್ತೆಯಲ್ಲಿ ಜನ ಇಲ್ಲ, ಮನೆ ಮುಂದೆ ಬಸ್ಸು ಬರುವುದಿಲ್ಲ, ಅಲ್ಲಿನ ಕಾರು ಓಡಿಸುವ ಧೈರ್ಯ ಇಲ್ಲ. ವಾರವಿಡೀ ಕಿಟಕಿ ನೋಡುತ್ತ ಕೂತವರನ್ನು ಶನಿವಾರ ಮಾಲ್‌ಗೆ ಕರೆದುಕೊಂಡು ಹೋದರೆ ಅಲ್ಲೂ ಒಂದು ಬೆಂಚು ಹುಡುಕಿ ಕೂತುಬಿಡುತ್ತಾರೆ.

ಅಟ್ಲಾಂಟಾ ಸುತ್ತಮುತ್ತ ಇರುವವರಿಗೆ ನಾನು ಹೇಳುವುದು ಒಂದೇ ಹೆಸರು: ಡಲಾನೆಗ. ಜಾರ್ಜಿಯಾ ರಾಜ್ಯದ ಉತ್ತರಕ್ಕೆ, ಗುಡ್ಡಗಳು ಶುರುವಾಗುವ ಕಡೆ ಇರುವ ಸಣ್ಣ ಊರು. 2020ರ ಜನಗಣತಿ ಪ್ರಕಾರ ಏಳೂವರೆ ಸಾವಿರ ಜನ. ನಮ್ಮ ಕಡೆ ಇದನ್ನು ಹೋಬಳಿ ಊರು ಅನ್ನುತ್ತಿದ್ದೆವು. ಆದರೆ ಇಲ್ಲಿ ನಡೆದು ನೋಡುವಂಥ ಪೇಟೆ ಇದೆ, ಚಿನ್ನದ ಗಣಿ ಇದೆ, ಹತ್ತಿರದಲ್ಲೇ ದೊಡ್ಡ ಜಲಪಾತ ಇದೆ.

ಮೊದಲ ಸಲ ನಾವು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ದಿನದಲ್ಲಿ ಗಣಿ, ಮ್ಯೂಸಿಯಂ, ಎರಡು ಜಲಪಾತ, ಒಂದು ಬೆಟ್ಟ ಅಂತ ಪಟ್ಟಿ ಮಾಡಿಕೊಂಡಿದ್ದೆ. ಟೆಂಪೋ ಟ್ರಾವೆಲರ್ ಮಾಡಿಕೊಂಡು ಧರ್ಮಸ್ಥಳ, ಕುಕ್ಕೆ, ಹೊರನಾಡು, ಶೃಂಗೇರಿ ಮುಗಿಸಿ ಬರುತ್ತೇವಲ್ಲ, ಅದೇ ಲೆಕ್ಕ. ಮಧ್ಯಾಹ್ನ ಮೂರು ಗಂಟೆಗೆ ಅಪ್ಪ ಕಾರಿನಿಂದ ಇಳಿಯಲೇ ಇಲ್ಲ. "ನೀವೆಲ್ಲ ನೋಡ್ಕೊಂಡ್ ಬನ್ನಿ, ನಾನ್ ಇಲ್ಲೇ ಇರ್ತೀನಿ" ಅಂದರು. ಎರಡನೇ ಸಲ ಹೋದಾಗ ದಿನಕ್ಕೊಂದೇ ದೊಡ್ಡ ಕೆಲಸ ಇಟ್ಟುಕೊಂಡೆವು. ಕೆಳಗಿರುವುದು ಆ ಎರಡನೇ ಸಲದ ಲೆಕ್ಕ.

ಹೊರಡುವ ಮುಂಚೆ ಕಥೆ ಹೇಳಿ

ಊರು ಯಾಕೆ ಹುಟ್ಟಿತು ಅಂತ ಗೊತ್ತಿಲ್ಲದೆ ಹೋದರೆ ಡಲಾನೆಗ ಅಂದರೆ ಸುಮ್ನೆ ಒಂದು ಐಸ್‌ಕ್ರೀಮ್ ತಿನ್ನುವ ಜಾಗ. ಆದ್ದರಿಂದ ಹಿಂದಿನ ದಿನ ರಾತ್ರಿ ಊಟದ ಹೊತ್ತಿಗೆ ಇಷ್ಟು ಹೇಳಿಬಿಡಿ.

ಇದು ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನರ ನೆಲವಾಗಿತ್ತು. ಊರಿನ ಹೆಸರೂ ಅವರ ಭಾಷೆಯಲ್ಲಿ ಹಳದಿ ಅನ್ನುವ ಮಾತಿನಿಂದಲೇ ಬಂದದ್ದು. ಜಿಂಕೆ ಬೇಟೆಗೆ ಹೋದವನೊಬ್ಬನ ಕಾಲಿಗೆ ಎಡವಿದ ಕಲ್ಲು ಚಿನ್ನದ್ದಾಗಿತ್ತು ಅಂತ ಊರಲ್ಲಿ ಕಥೆ ಹೇಳುತ್ತಾರೆ. ಕಥೆ ಹೇಗಾದರೂ ಇರಲಿ, 1829ರಲ್ಲಿ ಸುದ್ದಿ ಹಬ್ಬಿ ಸಾವಿರಾರು ಜನ ನುಗ್ಗಿದರು. ಕ್ಯಾಲಿಫೋರ್ನಿಯಾದ ಚಿನ್ನದ ಗಲಾಟೆ ಶುರುವಾಗಲು ಆಗ ಇನ್ನೂ ಸುಮಾರು ಇಪ್ಪತ್ತು ವರ್ಷ ಇತ್ತು. 1832ರಲ್ಲಿ ಜಾರ್ಜಿಯಾ ಸರ್ಕಾರ ಚೆರೋಕಿಗಳ ನೆಲವನ್ನು ಲಾಟರಿ ಎತ್ತಿ ಹಂಚಿತು. ಚಿನ್ನ ಸಿಗಬಹುದಾದ ಜಾಗವನ್ನು 40 ಎಕರೆ ತುಂಡುಗಳಾಗಿ ಮಾಡಿದ್ದರು. ಅಲ್ಲಿ ಬಾಳುತ್ತಿದ್ದವರ ಮನೆ, ತೋಟ ಯಾರದೋ ಚೀಟಿಗೆ ಹೋಯಿತು. 1838ರಲ್ಲಿ ಸೈನ್ಯ ಬಂದು ಚೆರೋಕಿಗಳನ್ನು ಮಿಸಿಸಿಪ್ಪಿ ನದಿಯ ಆಚೆಗೆ ಹೊರಡಿಸಿತು. ದಾರಿಯಲ್ಲಿ ಸತ್ತವರು ಸಾವಿರಾರು. ಅದಕ್ಕೇ ಆ ದಾರಿಗೆ ಕಣ್ಣೀರಿನ ಹಾದಿ ಅನ್ನುವ ಹೆಸರು ಬಂತು. ಅದೇ 1838ರಲ್ಲಿ ಡಲಾನೆಗದಲ್ಲಿ ಸರ್ಕಾರದ ಟಂಕಸಾಲೆ ಚಿನ್ನದ ನಾಣ್ಯ ಹೊಡೆಯಲು ಶುರು ಮಾಡಿತು. ಎರಡೂ ಒಂದೇ ವರ್ಷ.

ಇದನ್ನು ಕೇಳಿದ ಮೇಲೆ ನಮ್ಮಮ್ಮ "ನಮ್ಮಲ್ಲಿ ಡ್ಯಾಮ್ ಕಟ್ಟಿದಾಗ ಊರು ಎಬ್ಬಿಸಿದ್ರಲ್ಲ, ಹಾಗೆ" ಅಂದರು. ಪೂರ್ತಿ ಹಾಗಲ್ಲ. ಆದರೆ ಅವರಿಗೆ ಊರು ಆಗಲೇ ಅರ್ಧ ಪರಿಚಯವಾಗಿತ್ತು.

ದಿನ ಆರಿಸುವುದು

ಅಕ್ಟೋಬರ್ ಮೂರನೇ ವಾರಾಂತ್ಯ ಊರಿನ ಜಾತ್ರೆ, ಗೋಲ್ಡ್ ರಶ್ ಡೇಸ್. ಜನಜಂಗುಳಿ ಇಷ್ಟ ಇರುವವರು ಹೋಗಿ, ವಯಸ್ಸಾದವರ ಜೊತೆ ಬೇಡ. ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಎಲೆ ಕೆಂಪಾಗುವುದನ್ನು ನೋಡಬೇಕು ಅಂದರೆ ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರ ಚೆಂದ. ಏಪ್ರಿಲ್ ಕೂಡ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಮಂಗಳೂರಿನ ಸೆಕೆ ನೆನಪಾಗುತ್ತದೆ, ಮಧ್ಯಾಹ್ನದ ಮೇಲೆ ಗುಡುಗು ಮಳೆ ಬೇರೆ.

ಅಟ್ಲಾಂಟಾದಿಂದ ಸುಮಾರು ನೂರು ಕಿಲೋಮೀಟರ್. ಜಾರ್ಜಿಯಾ 400 ಹೆದ್ದಾರಿ ಹಿಡಿದು ಅದು ಮುಗಿಯುವ ತನಕ ಹೋಗಿ, ಅಲ್ಲಿಂದ 60ನೇ ನಂಬರಿನ ರಸ್ತೆ. ಒಂದೂವರೆ ಗಂಟೆ ಸಾಕು. ಆಲ್ಫರೆಟ್ಟ, ಕಮಿಂಗ್ ಕಡೆಯವರಿಗೆ ಇನ್ನೂ ಹತ್ತಿರ. ಅವರು ರೂಮಿನ ಖರ್ಚು ಮಾಡದೆ ಎರಡು ಶನಿವಾರ ಬೇರೆ ಬೇರೆಯಾಗಿ ಹೋಗಿ ಬರಬಹುದು. ನನ್ನ ಪ್ರಕಾರ ಅದೇ ವಾಸಿ.

ಮೊದಲ ದಿನ: ಕೋರ್ಟ್ ಕಟ್ಟಡದಿಂದ ಶುರು ಮಾಡಿ

ಅಮೆರಿಕದ ದಕ್ಷಿಣದ ಹಳೇ ಊರುಗಳಿಗೆ ಒಂದು ಸೂತ್ರ ಇದೆ. ನಡುವೆ ಕೋರ್ಟ್ ಕಟ್ಟಡ, ಅದರ ಸುತ್ತ ಚೌಕ, ಚೌಕದ ಸುತ್ತ ಅಂಗಡಿ. ನಮ್ಮಲ್ಲಿ ದೇವಸ್ಥಾನ, ರಥಬೀದಿ ಇದ್ದ ಹಾಗೆ. ಕಾರನ್ನು ಚೌಕದಿಂದ ಸ್ವಲ್ಪ ದೂರ ನಿಲ್ಲಿಸಿ, ನಡೆದು ಬನ್ನಿ.

1836ರ ಈ ಇಟ್ಟಿಗೆಯ ಕೋರ್ಟ್ ಕಟ್ಟಡ ಈಗ ಚಿನ್ನದ ಮ್ಯೂಸಿಯಂ. ಅಲ್ಲಿ ಎರಡು ವಿಷಯ ತಪ್ಪದೆ ನೋಡಿ. ಒಂದು, ಗೋಡೆ. ಸ್ಥಳೀಯ ಮಣ್ಣಿನಿಂದ ಸುಟ್ಟ ಇಟ್ಟಿಗೆಗಳಲ್ಲಿ ಚಿನ್ನದ ಅಂಶ ಸೇರಿಕೊಂಡಿದೆ. ಬರಿಗಣ್ಣಿಗೆ ಏನೂ ಕಾಣುವುದಿಲ್ಲ, ಆದರೂ ಎಲ್ಲರೂ ಒಂದು ಸಲ ಮುಟ್ಟಿ ನೋಡುತ್ತಾರೆ. ಇನ್ನೊಂದು, ಈ ಊರಲ್ಲೇ ಹೊಡೆದ ನಾಣ್ಯಗಳು. ಅವುಗಳ ಮೇಲೆ 'ಡಿ' ಅಕ್ಷರ ಇರುತ್ತದೆ. 1861ರಲ್ಲಿ ಅಂತರ್ಯುದ್ಧ ಶುರುವಾಗಿ ಟಂಕಸಾಲೆ ನಿಂತಿತು. ಈಗ ಚಿಲ್ಲರೆ ನಾಣ್ಯಗಳ ಮೇಲೆ ಕಾಣುವ 'ಡಿ' ಡೆನ್ವರ್ ಊರಿನ ಟಂಕಸಾಲೆಯದು. ಮೊಮ್ಮಕ್ಕಳು ಜೇಬಿನಿಂದ ಕ್ವಾರ್ಟರ್ (25 ಸೆಂಟ್ ನಾಣ್ಯ) ತೆಗೆದು "ನೋಡಿ ಅಜ್ಜಾ, ಇದೂ ಇಲ್ಲಿಯದೇ" ಅಂದರೆ ತಿದ್ದಿ.

ಟಂಕಸಾಲೆಯ ಕಟ್ಟಡ 1878ರಲ್ಲಿ ಸುಟ್ಟುಹೋಯಿತು. ಅದೇ ಅಡಿಪಾಯದ ಮೇಲೆ ಎದ್ದ ಕಟ್ಟಡ ಈಗ ನಾರ್ತ್ ಜಾರ್ಜಿಯಾ ವಿಶ್ವವಿದ್ಯಾಲಯದ ಪ್ರೈಸ್ ಮೆಮೋರಿಯಲ್ ಹಾಲ್. ಅದರ ಗೋಪುರಕ್ಕೆ ಚಿನ್ನದ ರೇಕು ಹೊದಿಸಿದ್ದಾರೆ. ಚೌಕದಿಂದ ಕೆಲವೇ ನಿಮಿಷದ ನಡಿಗೆ. ಹೊರಗಿನಿಂದ ನೋಡಿದರೆ ಸಾಕು.

ಬೇಸಿಗೆಯ ಶನಿವಾರ ಮಧ್ಯಾಹ್ನ ಕೋರ್ಟ್ ಕಟ್ಟಡದ ಹುಲ್ಲಿನ ಮೇಲೆ ಬ್ಯಾಂಜೊ, ಪಿಟೀಲು ಹಿಡಿದವರು ಸೇರಿ ನುಡಿಸುತ್ತಾರೆ. ಟಿಕೆಟ್ ಇಲ್ಲ, ವೇದಿಕೆ ಇಲ್ಲ. ನಮ್ಮಲ್ಲಿ ದೇವಸ್ಥಾನದ ಜಗಲಿ ಮೇಲೆ ಭಜನೆಗೆ ಕೂರುವ ಹಾಗೆ ಬಂದವರು ಬಂದಂತೆ ಸೇರಿಕೊಳ್ಳುತ್ತಾರೆ. ಮಡಚುವ ಕುರ್ಚಿ ತಂದಿದ್ದರೆ ಒಂದು ಗಂಟೆ ಅಲ್ಲೇ ಕಳೆಯಬಹುದು. ಅಪ್ಪ ಇಡೀ ಟ್ರಿಪ್‌ನಲ್ಲಿ ಜಾಸ್ತಿ ಹೊತ್ತು ಖುಷಿಯಾಗಿ ಕೂತಿದ್ದು ಇಲ್ಲಿಯೇ.

ಚಿನ್ನ ತೊಳೆಯುವುದು ಹೀಗೆ

ಊರಲ್ಲಿ ಎರಡು ಗಣಿ ಇವೆ. ಕನ್ಸಾಲಿಡೇಟೆಡ್ ಗಣಿಯಲ್ಲಿ ನೆಲದೊಳಗೆ ಇನ್ನೂರು ಅಡಿ ಇಳಿಸಿ ಸುರಂಗ ತೋರಿಸುತ್ತಾರೆ. ಒಳಗೆ ವರ್ಷವಿಡೀ ತಂಪು, ಸುಮಾರು 15 ಡಿಗ್ರಿ ಸೆಲ್ಸಿಯಸ್. ಸ್ವೆಟರ್ ಬೇಕೇ ಬೇಕು. ನೆಲ ಒದ್ದೆ, ಮೆಟ್ಟಿಲೂ ಇವೆ, ಮಂಡಿ ನೋವಿನವರು ಯೋಚಿಸಿ. ಮೂರು ಕಿಲೋಮೀಟರಿಗಿಂತ ಆಳ ಇಳಿದಿದ್ದ ಕೆಜಿಎಫ್ ಕಡೆಯವರಿಗೆ ಈ ಇನ್ನೂರು ಅಡಿ ಕೇಳಿ ನಗು ಬಂದೀತು. ಕ್ರಿಸನ್ ಗಣಿ 1847ರದ್ದು. ಅಲ್ಲಿ ಸುರಂಗ ಇಲ್ಲ. ಕಲ್ಲು ಕುಟ್ಟುವ ಹಳೇ ಯಂತ್ರ ಇನ್ನೂ ಓಡುತ್ತದೆ, ಕೂತು ಮರಳು ತೊಳೆಯಲು ತೊಟ್ಟಿಗಳಿವೆ. ವಯಸ್ಸಾದವರಿಗೆ ಕ್ರಿಸನ್ನೇ ಸರಿ.

ದುಡ್ಡು ಕೊಟ್ಟರೆ ಒಂದು ತಟ್ಟೆ, ಅದರ ತುಂಬ ಮರಳು ಕೊಡುತ್ತಾರೆ. ತಟ್ಟೆಯ ಒಂದು ಬದಿಯಲ್ಲಿ ಮೆಟ್ಟಿಲಿನಂಥ ಗೆರೆಗಳಿರುತ್ತವೆ. ತಟ್ಟೆಯನ್ನು ನೀರಿನೊಳಗೆ ಮುಳುಗಿಸಿ, ಕೈಯಿಂದ ಗಂಟು ಒಡೆದು, ಎಡಕ್ಕೂ ಬಲಕ್ಕೂ ಚೆನ್ನಾಗಿ ಅಲ್ಲಾಡಿಸಿ. ಚಿನ್ನ ನೀರಿಗಿಂತ 19 ಪಟ್ಟು ಭಾರ. ಮಾಮೂಲಿ ಮರಳು ಎರಡೂವರೆ ಪಟ್ಟಿನ ಆಸುಪಾಸು. ಅಲ್ಲಾಡಿಸಿದಷ್ಟೂ ಚಿನ್ನ ತಳಕ್ಕೆ ಇಳಿಯುತ್ತದೆ. ಆಮೇಲೆ ಗೆರೆ ಇರುವ ಬದಿಯನ್ನು ಮುಂದಕ್ಕೆ ಬಾಗಿಸಿ, ಮೇಲಿನ ಮರಳನ್ನು ಸ್ವಲ್ಪ ಸ್ವಲ್ಪವೇ ನೀರಿಗೆ ಬಿಡಿ. ಮತ್ತೆ ಅಲ್ಲಾಡಿಸಿ, ಮತ್ತೆ ಬಾಗಿಸಿ. ಹೊಸಬರು ತಪ್ಪುವುದು ಇಲ್ಲೇ. ಅವಸರ ಮಾಡಿ ಒಂದೇ ಸಲಕ್ಕೆ ಚೆಲ್ಲುತ್ತಾರೆ.

ನಾನು ಮೂರು ಸಲ ಚೆಲ್ಲಿದೆ. ಅಮ್ಮ ನೋಡುತ್ತ ನಿಂತಿದ್ದವರು "ಇದೇನೋ, ಅಕ್ಕಿ ಗಾಳಿಸಿದ ಹಾಗೆ ತಾನೇ" ಅಂತ ತಟ್ಟೆ ಕಸಿದುಕೊಂಡರು. ಕಲ್ಲು ಬಿಡಿಸಲು ಅಕ್ಕಿಯನ್ನು ನೀರಲ್ಲಿ ತೂಗಿ ತೂಗಿ ಇನ್ನೊಂದು ಪಾತ್ರೆಗೆ ಇಳಿಸುತ್ತಾರಲ್ಲ, ಅದೇ ಕೈ. ಅಲ್ಲಿ ಹಗುರವಾದದ್ದು ಬೇಕು, ಇಲ್ಲಿ ಭಾರವಾದದ್ದು ಬೇಕು, ಅಷ್ಟೇ. ಹೇಳಿಕೊಡಲು ನಿಂತಿದ್ದ ಹುಡುಗ ಸುಮ್ಮನಾಗಿಬಿಟ್ಟ. ಗದಗ ಕಡೆ ಕಪ್ಪತಗುಡ್ಡದ ಹಳ್ಳಗಳಲ್ಲಿ ಹಿಂದೆ ಜಾಲಗಾರರು ಮರಳು ತೊಳೆದು ಚಿನ್ನ ತೆಗೆಯುತ್ತಿದ್ದುದೂ ಇದೇ ಲೆಕ್ಕದ ಮೇಲೆ.

ಕೊನೆಗೆ ಒಂದು ಚಮಚದಷ್ಟು ಕಪ್ಪು ಮರಳು ಉಳಿಯುತ್ತದೆ. ಅದರಲ್ಲಿ ಕಬ್ಬಿಣದ ಅಂಶ ಜಾಸ್ತಿ. ಸ್ವಲ್ಪ ನೀರು ಬಿಟ್ಟು ತಟ್ಟೆಯನ್ನು ಮೆಲ್ಲಗೆ ಸುತ್ತಿಸಿದರೆ ಕಪ್ಪು ಸರಿದು ಹಳದಿ ಚುಕ್ಕೆ ಕಾಣುತ್ತದೆ. ಮಿಣಮಿಣ ಮಿನುಗುವುದು ಅಭ್ರಕ, ನಂಬಬೇಡಿ. ತಟ್ಟೆಗೆ ಕೈಯಿಂದ ನೆರಳು ಮಾಡಿ ನೋಡಿ. ನೆರಳಲ್ಲೂ ಅದೇ ಬಣ್ಣ ಇದ್ದರೆ ಅದು ಚಿನ್ನ. ಸಿಗುವುದು ಸಾಸಿವೆಗಿಂತ ಸಣ್ಣ ಚೂರು, ಟಿಕೆಟ್ಟಿನ ದುಡ್ಡೂ ಹುಟ್ಟುವುದಿಲ್ಲ. ನೀರು ತುಂಬಿದ ಪುಟ್ಟ ಶೀಸೆಯಲ್ಲಿ ಹಾಕಿಕೊಡುತ್ತಾರೆ.

ಊಟದ ವಿಷಯ

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ದಕ್ಷಿಣದ ಅಡುಗೆಯಲ್ಲಿ ಬೀನ್ಸ್, ಕಾಲರ್ಡ್ ಸೊಪ್ಪಿನ ಪಲ್ಯ ನೋಡಲು ನಮ್ಮದೇ ಥರ ಇರುತ್ತವೆ. ಆದರೆ ರುಚಿಗೆ ಹಂದಿ ಮಾಂಸದ ತುಂಡು ಹಾಕಿ ಬೇಯಿಸುವುದು ಅಲ್ಲಿ ಮಾಮೂಲು. ಕೇಳದೆ ತಿನ್ನಬೇಡಿ. ಗ್ರಿಟ್ಸ್ ಅಂದರೆ ಮೆಕ್ಕೆಜೋಳದ ರವೆಯ ಗಂಜಿ. ನೀರು ಅಥವಾ ಹಾಲಲ್ಲಿ ಬೇಯಿಸಿದ್ದಾರಾ ಕೇಳಿಕೊಂಡು, ಬೆಣ್ಣೆ, ಉಪ್ಪು, ಮೆಣಸಿನ ಪುಡಿ ಹಾಕಿಸಿಕೊಂಡರೆ ಅಪ್ಪ ಅಮ್ಮಂದಿರಿಗೆ ಒಗ್ಗುತ್ತದೆ. ಬಿಸ್ಕತ್ತು ಅಂತ ಬರುವುದು ಮೆತ್ತಗಿನ ಬನ್ನು, ಚಹಾಕ್ಕೆ ಅದ್ದುವಂಥದ್ದಲ್ಲ. ನಾವು ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡೇ ಹೋಗಿದ್ದೆವು. ಅದರಲ್ಲಿ ನಾಚಿಕೆ ಏನೂ ಇಲ್ಲ.

ರಸ್ತೆ ಬದಿಯಲ್ಲಿ 'ಬಾಯ್ಲ್ಡ್ ಪೀನಟ್ಸ್' ಬೋರ್ಡು ಕಂಡರೆ ಮಾತ್ರ ಕಾರು ನಿಲ್ಲಿಸಿ. ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ. ಅಮೆರಿಕದ ಉಳಿದ ಕಡೆಯವರು ಇದನ್ನು ಕಂಡು ಮೂಗು ಮುರಿಯುತ್ತಾರಂತೆ. ಬಸವನಗುಡಿ ಪರಿಷೆ ಕಂಡವರಿಗೆ ಪರಿಚಯ ಮಾಡಿಕೊಡಬೇಕಾ?

ಎರಡನೇ ದಿನ: ಅಮಿಕಲೋಲ

ಡಲಾನೆಗದಿಂದ ಪಶ್ಚಿಮಕ್ಕೆ ಅರ್ಧ ಗಂಟೆ ದಾರಿ. ಜಲಪಾತದ ಎತ್ತರ 729 ಅಡಿ, ಅಂದರೆ 222 ಮೀಟರ್. ಜೋಗಕ್ಕಿಂತ ಸ್ವಲ್ಪ ಗಿಡ್ಡ. ಜೋಗದ ಹಾಗೆ ಧುಮುಕುವುದೂ ಇಲ್ಲ, ಬಂಡೆಯಿಂದ ಬಂಡೆಗೆ ಇಳಿದು ಬರುತ್ತದೆ. ಮಳೆಗಾಲದ ಜೋಗ ನೋಡಿದವರ ಎದೆ ಇಲ್ಲಿ ಝಲ್ಲೆನ್ನುವುದಿಲ್ಲ. ಆದರೆ ಹತ್ತಿರ ಹೋಗಿ ಮುಖಕ್ಕೆ ಹನಿ ಹೊಡೆಸಿಕೊಳ್ಳಬಹುದು, ಜೋಗದಲ್ಲಿ ಆ ಭಾಗ್ಯ ಅಷ್ಟು ಸುಲಭಕ್ಕಿಲ್ಲ.

ಪಾರ್ಕಿನ ಬಾಗಿಲಲ್ಲಿ ವಾಹನಕ್ಕೆ ಶುಲ್ಕ ಕಟ್ಟಿ ಒಳಗೆ ಹೋದ ಮೇಲೆ ಎಲ್ಲಿ ಕಾರು ನಿಲ್ಲಿಸುತ್ತೀರಿ ಅನ್ನುವುದೇ ಮುಖ್ಯ. ಜಲಪಾತದ ಪಕ್ಕದಲ್ಲಿ 604 ಮೆಟ್ಟಿಲುಗಳಿವೆ. ಕೆಳಗೆ ನಿಲ್ಲಿಸಿದರೆ ಹತ್ತಬೇಕು. ಅದನ್ನು ನೋಡಿಯೇ ಮೊದಲ ಸಲ ಅಪ್ಪ ಕಾರಿನಲ್ಲಿ ಉಳಿದದ್ದು. ಎರಡನೇ ಸಲ ವೆಸ್ಟ್ ರಿಜ್ ದಾರಿಯ ಹತ್ತಿರ ನಿಲ್ಲಿಸಿದೆವು. ಹಳೇ ರಬ್ಬರಿನಿಂದ ಮಾಡಿದ ಮೆತ್ತನೆ ಕಾಲುದಾರಿ, ಗಾಲಿಕುರ್ಚಿಯೂ ಹೋಗುತ್ತದೆ. ಅರ್ಧ ಕಿಲೋಮೀಟರ್ ನಡೆದರೆ ಜಲಪಾತದ ನಡುವಿನ ಸೇತುವೆ. ಮೊಮ್ಮಕ್ಕಳು ಬೇಕಾದರೆ ಅಲ್ಲಿಂದ ಮೆಟ್ಟಿಲು ಹತ್ತಿ ಇಳಿಯಲಿ.

ಮೂರು ಎಲೆ ಒಟ್ಟಿಗಿರುವ ಬಳ್ಳಿ ಕಂಡರೆ ಮುಟ್ಟಬೇಡಿ. ಪಾಯ್ಸನ್ ಐವಿ ಅನ್ನುತ್ತಾರೆ. ಮಲೆನಾಡಿನ ಚೇರಿನ ಮರದ ಸಂಬಂಧಿಯೇ, ಮೈಯೆಲ್ಲ ಬೊಬ್ಬೆ ಬರುತ್ತದೆ. ಹುಲ್ಲಲ್ಲಿ ಓಡಾಡಿದ ಮೇಲೆ ಕಾಲಿಗೆ ಉಣ್ಣಿ ಹತ್ತಿದೆಯಾ ನೋಡಿಕೊಳ್ಳಿ. ಕಾಡಲ್ಲಿ ಕರಡಿಗಳಿವೆ, ತಿಂಡಿಯ ಚೂರು ಬಿಟ್ಟು ಬರಬೇಡಿ. ಫೋನ್ ಸಿಗ್ನಲ್ ಗುಡ್ಡದಲ್ಲಿ ಕೈಕೊಡುತ್ತದೆ, ನಕ್ಷೆಯನ್ನು ಮನೆಯಲ್ಲೇ ಇಳಿಸಿಟ್ಟುಕೊಳ್ಳಿ.

ಇನ್ನೂ ಶಕ್ತಿ ಇದ್ದವರು 60ನೇ ರಸ್ತೆಯಲ್ಲೇ ಉತ್ತರಕ್ಕೆ ಹೋಗಿ ವುಡಿ ಗ್ಯಾಪ್ ಅನ್ನುವ ಕಡೆ ನಿಲ್ಲಬಹುದು. ಹದಿನಾಲ್ಕು ರಾಜ್ಯ ದಾಟಿ ಮೇಯ್ನ್ ರಾಜ್ಯದ ತನಕ 3,500 ಕಿಲೋಮೀಟರ್ ಹೋಗುವ ಅಪಲಾಚಿಯನ್ ಕಾಲುದಾರಿ ಅಲ್ಲಿ ರಸ್ತೆಯನ್ನು ಅಡ್ಡ ದಾಟುತ್ತದೆ. ಅದು ಶುರುವಾಗುವುದು ಇಲ್ಲೇ ಹತ್ತಿರದ ಸ್ಪ್ರಿಂಗರ್ ಬೆಟ್ಟದಲ್ಲಿ. ಮಾರ್ಚ್, ಏಪ್ರಿಲ್‌ನಲ್ಲಿ ದೊಡ್ಡ ಚೀಲ ಹೊತ್ತವರು ಕಾಣುತ್ತಾರೆ. ಅಪ್ಪ ನೂರು ಹೆಜ್ಜೆ ನಡೆದು, ಮರಕ್ಕೆ ಬಳಿದ ಬಿಳಿ ಗುರುತಿನ ಪಕ್ಕ ಫೋಟೋ ತೆಗೆಸಿಕೊಂಡು, ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಪೂರ್ತಿ ನಡೆದೆನೆಂದು ಹೇಳಿಲ್ಲ. ಇಲ್ಲವೆಂದೂ ಹೇಳಿಲ್ಲ.

ವಾಪಸ್ ಬರುವಾಗ

ಮನೆ ಅಟ್ಲಾಂಟಾದ ದಕ್ಷಿಣಕ್ಕಿದ್ದರೆ ದಾರಿಯಲ್ಲಿ ಇನ್ನೊಂದು ಸಿಗುತ್ತದೆ. ನಗರದ ನಡುವೆ ಹೆದ್ದಾರಿಯಿಂದಲೇ ರಾಜ್ಯ ಶಾಸನಸಭೆಯ ಹಳದಿ ಗುಮ್ಮಟ ಕಾಣುತ್ತದೆ. 1958ರಲ್ಲಿ ಡಲಾನೆಗದ ಜನ 43 ಔನ್ಸ್ ಚಿನ್ನ ಕೂಡಿಸಿ, ಹೇಸರಗತ್ತೆ ಕಟ್ಟಿದ ಗಾಡಿಗಳಲ್ಲಿ ಅಟ್ಲಾಂಟಾಗೆ ತಂದುಕೊಟ್ಟರು. ಅದನ್ನೇ ರೇಕು ಮಾಡಿ ಗುಮ್ಮಟಕ್ಕೆ ಹೊದಿಸಿದರು. ಕಾರು ಓಡಿಸುವವರು ರಸ್ತೆ ನೋಡಿ. ಪಕ್ಕದಲ್ಲಿ ಶೀಸೆ ಹಿಡಿದು ಕೂತವರು ಗುಮ್ಮಟ ನೋಡಲಿ.