ಮೊದಲ ಅಂಕದಿಂದ ನೇರ ಪ್ರವೇಶದವರೆಗೆ: ವೃತ್ತಿಪರ ಟೆನಿಸ್‌ನಲ್ಲಿ ನನ್ನ ಆರಂಭದ ವರ್ಷಗಳು

ಮಹಿಳಾ ವೃತ್ತಿಪರ ಟೆನಿಸ್ ಸಂಸ್ಥೆಯಾದ ಡಬ್ಲ್ಯುಟಿಎಯ ರ‍್ಯಾಂಕಿಂಗ್ ಪಟ್ಟಿಯಲ್ಲಿ ಆಟಗಾರ್ತಿಯ ಹೆಸರು ಕಾಣಿಸಿಕೊಳ್ಳಬೇಕಾದರೆ ಮೂರು ಬೇರೆ ಬೇರೆ ಟೂರ್ನಿಗಳಲ್ಲಿ ಅಂಕ ಗಳಿಸಿರಬೇಕು, ಇಲ್ಲವೇ ಒಟ್ಟು ಹತ್ತು ಅಂಕಗಳಾದರೂ ಇರಬೇಕು. ನಾನು ಆಡಲು ಆರಂಭಿಸಿದ ಕಾಲದಲ್ಲಿ ಅತ್ಯಂತ ಕೆಳಹಂತದ, ಅಂದರೆ 15 ಸಾವಿರ ಡಾಲರ್ ಬಹುಮಾನ ಮೊತ್ತದ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಟೂರ್ನಿಯ ಪ್ರಧಾನ ಸುತ್ತಿನಲ್ಲಿ ಒಂದು ಪಂದ್ಯ ಗೆದ್ದರೆ 1 ಅಂಕ, ಕ್ವಾರ್ಟರ್‌ಫೈನಲ್ ತಲುಪಿದರೆ 2, ಸೆಮಿಫೈನಲ್ ತಲುಪಿದರೆ 4 ಅಂಕ ಸಿಗುತ್ತಿತ್ತು. ಗಳಿಸಿದ ಅಂಕ 52 ವಾರಗಳ ನಂತರ ಪಟ್ಟಿಯಿಂದ ಬಿದ್ದುಹೋಗುತ್ತದೆ. ಫೋರ್‌ಹ್ಯಾಂಡ್ ತಿದ್ದುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಮಂದಿ ಇದ್ದರು. ಯಾವ ವಾರ ಯಾವ ಊರಿನಲ್ಲಿ ಆಡಬೇಕು, ಎಲ್ಲಿಗೆ ಹೋಗಬಾರದು ಎಂದು ಹೇಳಿಕೊಡುವವರು ಮಾತ್ರ ಬಹಳ ಕಡಿಮೆ. ನನ್ನ ಮೊದಲ ವರ್ಷಗಳ ಏಳುಬೀಳುಗಳಲ್ಲಿ ಹೆಚ್ಚಿನವು ನಿರ್ಧಾರವಾದದ್ದು ಅಂಕಣದಲ್ಲಲ್ಲ, ಈ ವಾರಗಳ ಆಯ್ಕೆಯಲ್ಲಿ ಎಂದೇ ನಾನು ಈಗಲೂ ಹೇಳುತ್ತೇನೆ.

ಹದಿನೆಂಟು ತುಂಬುವ ಮೊದಲು ಎಷ್ಟು ವೃತ್ತಿಪರ ಟೂರ್ನಿ ಆಡಬಹುದು ಎಂಬುದಕ್ಕೆ ಮಿತಿಯಿದೆ. ಆಗ 14 ವರ್ಷದವರಿಗೆ ವರ್ಷಕ್ಕೆ 8, 15ಕ್ಕೆ 10, 16ಕ್ಕೆ 12, 17ಕ್ಕೆ 16. ನಮ್ಮ ಮನೆಯ ಮಟ್ಟಿಗೆ ಈ ಮಿತಿ ಒಂದು ಸಮಸ್ಯೆಯೇ ಆಗಿರಲಿಲ್ಲ, ಏಕೆಂದರೆ ಅಷ್ಟು ಟೂರ್ನಿಗಳಿಗೆ ಹೋಗುವ ಹಣವೇ ಇರಲಿಲ್ಲ. ಜೂನಿಯರ್ ಹಂತದಲ್ಲಿ ವಿದೇಶ ಸುತ್ತುವ ಬದಲು ಎಐಟಿಎ (ಅಖಿಲ ಭಾರತ ಟೆನಿಸ್ ಸಂಸ್ಥೆ) ಟೂರ್ನಿಗಳಲ್ಲಿ ಮಹಿಳೆಯರ ವಿಭಾಗದಲ್ಲಿಯೇ ಆಡಿ, ಸಿಕ್ಕ ಬಹುಮಾನದ ಹಣವನ್ನು ಕೂಡಿಡುವುದು ಅಪ್ಪನ ಲೆಕ್ಕಾಚಾರವಾಗಿತ್ತು. ಅದರಿಂದ ಆದ ನಷ್ಟವೂ ಉಂಟು: ವಿಶ್ವ ಜೂನಿಯರ್ ಪಟ್ಟಿಯ ಮೊದಲ ನೂರರಲ್ಲಿರುವ ಹುಡುಗಿಯರಿಗೆ ಕೆಳಹಂತದ ಟೂರ್ನಿಗಳಲ್ಲಿ ಕಾದಿರಿಸುವ ಸ್ಥಾನಗಳು ನನಗೆ ಸಿಗುವಂತಿರಲಿಲ್ಲ. ಹಾಗಾಗಿ ಎಲ್ಲಿಗೆ ಹೋದರೂ, ಪ್ರಧಾನ ಸುತ್ತಿಗೆ ಮೊದಲು ಗೆಲ್ಲಬೇಕಾದ ಅರ್ಹತಾ ಸುತ್ತಿನಿಂದಲೇ ಆರಂಭ.

ಪ್ರವೇಶದ ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಟೂರ್ನಿ ನಡೆಯುವ ವಾರದ ಸೋಮವಾರಕ್ಕೆ 18 ದಿನ ಮೊದಲು ಬರುವ ಗುರುವಾರ ಹೆಸರು ಕೊಡುವ ಅವಧಿ ಮುಗಿಯುತ್ತದೆ. ಹೆಸರು ಹಿಂತೆಗೆದುಕೊಳ್ಳಲು ಅದರ ಮುಂದಿನ ಮಂಗಳವಾರದವರೆಗೆ ಅವಕಾಶವಿದೆ. ಒಂದೇ ವಾರಕ್ಕೆ ಹಲವು ಟೂರ್ನಿಗಳಿಗೆ ಹೆಸರು ಕೊಟ್ಟು, ಆದ್ಯತೆಯ ಕ್ರಮವನ್ನೂ ಸೂಚಿಸಿ ಕಾಯುತ್ತಿದ್ದೆವು. ಗುರುವಾರ ಪ್ರಕಟವಾಗುವ ಪಟ್ಟಿಯಲ್ಲಿ ನನ್ನ ಹೆಸರು ಸಾಮಾನ್ಯವಾಗಿ ಕೆಳಗೆಲ್ಲೋ ಇರುತ್ತಿತ್ತು; ಮಂಗಳವಾರದೊಳಗೆ ಮೇಲಿನವರು ಬೇರೆ ಊರು ಆರಿಸಿಕೊಂಡಂತೆ ಅದು ಒಂದೊಂದಾಗಿ ಮೇಲೇರುತ್ತಿತ್ತು. ಯಾರು ಎಲ್ಲಿಗೆ ಹೋಗಬಹುದು, ಯಾರಿಗೆ ಗಾಯವಾಗಿದೆ, ಯಾರು ಹಿಂದಿನ ವಾರ ಫೈನಲ್ ಆಡಿ ದಣಿದಿದ್ದಾರೆ ಎಂಬುದನ್ನು ಅಪ್ಪ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಟೆನಿಸ್ ಆಡದ ಮನುಷ್ಯ ಅವರು. ಆದರೆ ಯಾವ ಪಟ್ಟಿ ಎಷ್ಟನೆಯ ಹೆಸರಿನವರೆಗೆ ಇಳಿಯುತ್ತದೆ ಎಂಬ ಅವರ ಅಂದಾಜು ತಪ್ಪುತ್ತಿದ್ದುದು ಅಪರೂಪ.

ಈ ವ್ಯವಸ್ಥೆಗೂ ಭಾರತೀಯ ಪಾಸ್‌ಪೋರ್ಟಿಗೂ ಹೊಂದಾಣಿಕೆಯಾಗುವುದಿಲ್ಲ. ಸ್ಥಾನ ಸಿಕ್ಕಿದೆ ಎಂದು ತಿಳಿಯುವ ಹೊತ್ತಿಗೆ ಮೂರು ವಾರವೂ ಉಳಿದಿರುವುದಿಲ್ಲ, ಯುರೋಪಿನ ಹಲವು ದೇಶಗಳಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವ ದಿನವೇ ಅದಕ್ಕಿಂತ ಆಚೆಗೆ ಸಿಗುವುದುಂಟು. ಯುರೋಪಿನ ಹುಡುಗಿಯೊಬ್ಬಳು ಬುಧವಾರ ತೀರ್ಮಾನಿಸಿ ಶುಕ್ರವಾರ ರೈಲು ಹತ್ತಬಲ್ಲಳು, ನಮಗೆ ಅದು ಸಾಧ್ಯವಿಲ್ಲ. ಆದ್ದರಿಂದ ನಾವು ವಾರದ ಮೇಲೆ ವಾರ ಒಂದೇ ಸ್ಥಳದಲ್ಲಿ ಟೂರ್ನಿ ನಡೆಯುವ ಊರುಗಳನ್ನು ಆರಿಸಿಕೊಂಡೆವು: ಈಜಿಪ್ಟಿನ ಶರ್ಮ್ ಎಲ್ ಶೇಖ್, ಟರ್ಕಿಯ ಅಂಟಾಲ್ಯ, ಟ್ಯುನೀಷಿಯಾದ ಮೊನಾಸ್ಟಿರ್. ಒಮ್ಮೆ ವಿಮಾನದ ಖರ್ಚು ಮಾಡಿದರೆ ಸಾಲಾಗಿ ಹಲವು ಟೂರ್ನಿ ಆಡಬಹುದು. ಮೊದಲ ವಾರ ಅರ್ಹತಾ ಸುತ್ತಿನಲ್ಲಿ ಸೋತರೂ ಎರಡನೆಯ ವಾರಕ್ಕೆ ಅಂಕಣ, ಗಾಳಿ, ಚೆಂಡು ಎಲ್ಲವೂ ಪರಿಚಿತವಾಗಿರುತ್ತವೆ. ಇಂತಹ ಟೂರ್ನಿಗಳು ಹೋಟೆಲ್‌ಗಳ ವ್ಯಾಪಾರವನ್ನೇ ನಂಬಿಕೊಂಡು ನಡೆಯುವಂಥವು, ಆಟಗಾರ್ತಿಯರು ಅಲ್ಲಿಯೇ ತಂಗಿ ಊಟ ಮಾಡಬೇಕು. ಊಟದ ಬಗ್ಗೆ ಹೆಚ್ಚು ಹೇಳುವುದು ಬೇಡ. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಮೊದಲ ವಾರದಲ್ಲಿಯೇ ಮುಗಿಯುತ್ತಿತ್ತು.

ಈ ಮೂರೂ ಊರುಗಳು ಕಡಲತೀರದಲ್ಲಿವೆ ಎಂಬ ಸಂಗತಿಗೆ ನಾವು ಆರಂಭದಲ್ಲಿ ಕೊಡಬೇಕಾದ ಗಮನ ಕೊಟ್ಟೆವು. ಅದರ ಶ್ರೇಯಸ್ಸು ಕ್ಲಬ್ಬಿನಲ್ಲಿ ನನ್ನೊಡನೆ ಆಡುತ್ತಿದ್ದ ಮಾರ್ಕರ್ ಅಣ್ಣನಿಗೆ ಸಲ್ಲಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ತೆಳುವಾದ್ದರಿಂದ ಚೆಂಡು ಹೆಚ್ಚು ಹಾರುತ್ತದೆ, ಅದನ್ನು ಅಂಕಣದೊಳಗೆ ಹಿಡಿದಿಡಲು ನಾವು ರ‍್ಯಾಕೆಟ್ಟಿನ ಗಟ್ಟಿಂಗ್ (ತಂತಿ) ಬಿಗಿಯಾಗಿ ಹಾಕಿಸುತ್ತೇವೆ. ಅದೇ ಬಿಗಿಯಲ್ಲಿ ಕಡಲತೀರದಲ್ಲಿ ಆಡಿದರೆ ಹೊಡೆತಗಳೆಲ್ಲ ಸರ್ವಿಸ್ ಗೆರೆಯ ಆಸುಪಾಸಿನಲ್ಲಿಯೇ ಬಿದ್ದು, ಎದುರಾಳಿ ಮುಂದೆ ಬಂದು ಮುಗಿಸಿಬಿಡುತ್ತಾಳೆ. "ಎರಡು ಪೌಂಡ್ ಇಳಿಸಿ ಹಾಕಿಸ್ಕೋ ಪುಟ್ಟ, ಅಲ್ಲಿ ಹೋಗಿ ತೋಳು ನೋಯಿಸ್ಕೋಬೇಡ" ಎಂದು ಅಣ್ಣ ಹೊರಡುವ ಮುನ್ನವೇ ಎಚ್ಚರಿಸಿದ್ದರು. ನಾನು 52 ಪೌಂಡ್‌ನ ಎರಡು, 50ರ ಎರಡು, 48ರ ಒಂದು ರ‍್ಯಾಕೆಟ್ ಸಿದ್ಧಪಡಿಸಿಕೊಂಡು ಹೋಗಿ, ಮೊದಲ ಅಭ್ಯಾಸದಲ್ಲಿ ಮೂರನ್ನೂ ಹೊಡೆದು ನೋಡಿದ ಮೇಲೆಯೇ ಉಳಿದವನ್ನು ಬಿಚ್ಚಿಸುತ್ತಿದ್ದೆ. ಚಳಿಗಾಲದ ಅಂಟಾಲ್ಯದ ಒದ್ದೆ ಮಣ್ಣಿನ ಅಂಕಣದಲ್ಲಿ ಚೆಂಡು ಮಣ್ಣು ಮೆತ್ತಿಕೊಂಡು ಭಾರವಾಗುತ್ತದೆ. ಅಲ್ಲಿ 48 ಕೂಡ ಬಿಗಿಯೆನಿಸಿದ್ದುಂಟು. ಟೂರ್ನಿಯ ಸ್ಥಳದಲ್ಲಿ ಗಟ್ಟಿಂಗ್‌ಗೆ ಪ್ರತಿ ರ‍್ಯಾಕೆಟ್ಟಿಗೂ ಯೂರೊ ಲೆಕ್ಕದಲ್ಲಿ ಹಣ ತೆರಬೇಕಾದ್ದರಿಂದ ತಂತಿಯ ಸುರುಳಿಯನ್ನು ಊರಿನಿಂದಲೇ ಒಯ್ಯುತ್ತಿದ್ದೆ.

ಹಣದ ಲೆಕ್ಕ ಸರಳ ಮತ್ತು ಕಠಿಣ. ಕೆಳಹಂತದ ಟೂರ್ನಿಗಳ ಒಟ್ಟು ಬಹುಮಾನ 2017ರಲ್ಲಿ 10 ಸಾವಿರದಿಂದ 15 ಸಾವಿರ ಡಾಲರ್‌ಗೆ ಏರಿತಾದರೂ ಅದು ಸಿಂಗಲ್ಸ್‌ನ 32 ಆಟಗಾರ್ತಿಯರಿಗೂ ಡಬಲ್ಸ್ ಜೋಡಿಗಳಿಗೂ ಹಂಚಿಹೋಗುವ ಮೊತ್ತ. ಮೊದಲ ಸುತ್ತಿನಲ್ಲಿ ಸೋತವರಿಗೆ ಸಿಗುವುದು ಹೋಟೆಲ್ ಬಿಲ್ಲಿಗೂ ಸಾಲದು. ನನ್ನನ್ನು ಉಳಿಸಿದ್ದು ಡಬಲ್ಸ್. ಸಿಂಗಲ್ಸ್ ಸೋತ ವಾರದಲ್ಲಿಯೂ ಡಬಲ್ಸ್ ಸೆಮಿಫೈನಲ್‌ವರೆಗೆ ಹೋದರೆ ಇನ್ನೆರಡು ಮೂರು ಪಂದ್ಯ ಆಡಿದ ಅನುಭವ, ಒಂದಿಷ್ಟು ಹಣ, ಎರಡೂ ದಕ್ಕುತ್ತವೆ. ಡಬಲ್ಸ್ ಆಡಿದರೆ ಸಿಂಗಲ್ಸ್ ಹಾಳಾಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಾನಿಯಾ ಮಿರ್ಜಾ 2007ರಲ್ಲಿ ಸಿಂಗಲ್ಸ್‌ನ 27ನೇ ಸ್ಥಾನಕ್ಕೇರಿದಾಗಲೂ ಡಬಲ್ಸ್ ಬಿಟ್ಟಿರಲಿಲ್ಲ. ನನ್ನ ಎರಡನೆಯ ಸರ್ವ್ ಸುಧಾರಿಸಿದ್ದೂ ನೆಟ್ಟಿನ ಬಳಿ ನಿಂತ ಎದುರಾಳಿಯ ಭಯದಿಂದಲೇ.

ದೇಶದೊಳಗೆ ಟೂರ್ನಿಗಳು ಬಂದಾಗ ಲೆಕ್ಕ ಬದಲಾಗುತ್ತದೆ. ವೀಸಾ ಬೇಡ, ವೈಲ್ಡ್ ಕಾರ್ಡ್ (ಸಂಘಟಕರು ತಾವಾಗಿ ಕೊಡುವ ಸ್ಥಾನ) ಕೇಳಬಹುದು, ರೈಲಿನಲ್ಲಿ ಹೋಗಬಹುದು. ಹನ್ನೆರಡರ ವಯಸ್ಸಿನಿಂದ ಕಂಡುಬಂದ ಮುಖಗಳೇ ಎದುರಾಗುವುದರಿಂದ ಕಲಿಕೆ ಕಡಿಮೆ ಎಂದು ಕೆಲವು ಕೋಚ್‌ಗಳು ಮೂಗು ಮುರಿಯುತ್ತಾರೆ. ಅಂಕಕ್ಕೆ ಊರಿನ ಹಂಗಿಲ್ಲ. ಮನೆಯ ಹತ್ತಿರ ಸಿಗುವುದನ್ನು ಸಂಕೋಚವಿಲ್ಲದೆ ತೆಗೆದುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. 2018ರಲ್ಲಿ ನನ್ನ ಮೊದಲ ಅಂಕಗಳು ಬಂದದ್ದು ಹೀಗೆಯೇ.

ಆ ಅಂಕಗಳ ಗತಿ ಏನಾಯಿತೆಂಬುದು ನನ್ನ ವಾರಗೆಯವರೆಲ್ಲರ ಕಥೆ. 2019ರ ಜನವರಿಯಲ್ಲಿ ಐಟಿಎಫ್ ಹೊಸ ವ್ಯವಸ್ಥೆ ತಂದು, 15 ಸಾವಿರ ಡಾಲರ್ ಟೂರ್ನಿಗಳಿಗೆ ಡಬ್ಲ್ಯುಟಿಎ ಅಂಕ ಕೊಡುವುದನ್ನು ನಿಲ್ಲಿಸಿ ತನ್ನದೇ ಬೇರೊಂದು ಪಟ್ಟಿಯ ಅಂಕ ಕೊಡಲಾರಂಭಿಸಿತು. ಅರ್ಹತಾ ಸುತ್ತಿನ ಸ್ಥಾನಗಳನ್ನೂ 24ಕ್ಕೆ ಇಳಿಸಿತು. ವೃತ್ತಿಪರರ ಸಂಖ್ಯೆ ಕಡಿಮೆಯಾದರೆ ಉಳಿದವರ ಬದುಕು ಸುಧಾರಿಸುತ್ತದೆ ಎಂಬುದು ಅದರ ಹಿಂದಿನ ವಾದ. ವಾದದಲ್ಲಿ ಹುರುಳಿತ್ತೆಂದೇ ಇಟ್ಟುಕೊಂಡರೂ, ಕಡಿಮೆಯಾಗಬೇಕಾದವರ ಸಾಲಿನಲ್ಲಿ ನಿಂತವರಿಗೆ ಅದು ರುಚಿಸುವ ಮಾತಲ್ಲ. ಜಗತ್ತಿನಾದ್ಯಂತ ಆಟಗಾರರು ವಿರೋಧಿಸಿದರು, ಅದೇ ವರ್ಷದ ಆಗಸ್ಟ್‌ನಲ್ಲಿ ಈ ಹಂತಕ್ಕೆ ಅಂಕಗಳು ಮರಳಿದವು. ಆ ನಡುವಿನ ತಿಂಗಳುಗಳಲ್ಲಿ ನಾನು ಹಠ ಮಾಡಿ 25 ಸಾವಿರ ಡಾಲರ್ ಟೂರ್ನಿಗಳ ಅರ್ಹತಾ ಸುತ್ತುಗಳಿಗೆ ಹೆಸರು ಕೊಡತೊಡಗಿದೆ. ಬಹುಪಾಲು ಸೋತೆ. ಅರ್ಹತಾ ಸುತ್ತಿನಲ್ಲಿ ಮೂರನೆಯ ಸೆಟ್ಟಿನ ಬದಲು ಹತ್ತು ಅಂಕಗಳ ಟೈಬ್ರೇಕ್ ಇರುವುದರಿಂದ, ನಿಧಾನವಾಗಿ ಆಟಕ್ಕೆ ಕುದುರಿಕೊಳ್ಳುವ ನನ್ನಂಥವರಿಗೆ ಅಲ್ಲಿ ಕಷ್ಟವಿತ್ತು. ಮೊದಲ ನಾಲ್ಕು ಹೊಡೆತಗಳಲ್ಲಿಯೇ ಮೇಲುಗೈ ಪಡೆಯುವ ಅಭ್ಯಾಸ ಮಾಡಿಕೊಂಡೆ.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಎಲ್ಲವೂ ನಿಂತು, ರ‍್ಯಾಂಕಿಂಗ್ ಕೂಡ ಸ್ಥಗಿತವಾಯಿತು. ಟೂರ್ನಿಗಳು ಮತ್ತೆ ಆರಂಭವಾದ ಮೇಲೆ ಆರಂಭದಲ್ಲಿ ಭಾರತದೊಳಗೆ ಅವಕಾಶ ವಿರಳವಾದ್ದರಿಂದ, ಮತ್ತೆ ಮೊನಾಸ್ಟಿರ್ ಕಡೆಗೇ ಹೊರಟೆ. ಅಂಕಿತಾ ರೈನಾ 2021ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದಲ್ಲಿ ಡಬ್ಲ್ಯುಟಿಎ ಡಬಲ್ಸ್ ಪ್ರಶಸ್ತಿ ಗೆದ್ದು ಆ ವಿಭಾಗದ ಮೊದಲ ನೂರರೊಳಗೆ ಬಂದ ಸುದ್ದಿಯನ್ನು, ಅದೇ ಕೆಳಹಂತದ ಅಂಕಣಗಳಲ್ಲಿ ವರ್ಷಗಟ್ಟಲೆ ಅವರನ್ನು ನೋಡಿದ್ದ ನಾವೆಲ್ಲ ಬಹಳ ಹೊತ್ತು ಮಾತಾಡಿಕೊಂಡೆವು. ಮುಂದಿನ ಬೇಸಿಗೆಯಲ್ಲಿ ಜರ್ಮನಿಯ ಒಂದು ಕ್ಲಬ್ಬಿನ ಲೀಗ್ ತಂಡದಲ್ಲಿ ಆಡುವ ಅವಕಾಶ ಡಬಲ್ಸ್‌ನ ಗೆಳತಿಯೊಬ್ಬಳ ಮೂಲಕ ದೊರೆಯಿತು. ಅಲ್ಲಿ ಪ್ರತಿ ಪಂದ್ಯಕ್ಕೆ ನಿಗದಿತ ಸಂಭಾವನೆ, ಕ್ಲಬ್ ಸದಸ್ಯರ ಮನೆಯಲ್ಲಿ ವಾಸ. ಕ್ಲಬ್ಬಿನ ಆಹ್ವಾನಪತ್ರದಿಂದ ವೀಸಾದ ತೊಡಕೂ ಮೊದಲ ಬಾರಿಗೆ ಸಡಿಲವಾಯಿತು. ವಾರಾಂತ್ಯ ಲೀಗ್, ವಾರದ ನಡುವೆ ಸುತ್ತಲಿನ ಊರುಗಳ ಟೂರ್ನಿ. ಆ ಋತು ಮುಗಿಯುವ ಹೊತ್ತಿಗೆ 25 ಸಾವಿರ ಡಾಲರ್ ಟೂರ್ನಿಯೊಂದರ ಪ್ರಧಾನ ಸುತ್ತಿಗೆ ನನಗೆ ನೇರ ಪ್ರವೇಶ ಸಿಕ್ಕಿತು, ಮೊದಲ ಪಂದ್ಯದಲ್ಲಿ ಮೂರನೆಯ ಶ್ರೇಯಾಂಕದ ಆಟಗಾರ್ತಿಯ ಎದುರು ಎರಡು ಸೆಟ್‌ಗಳಲ್ಲಿ ಸೋತೆ. ಮುಂದಿನ ಗುರುವಾರದೊಳಗೆ ಹೆಸರು ಕೊಡಬೇಕಾದ ಟೂರ್ನಿಗಳ ಪಟ್ಟಿಯನ್ನು ಅಪ್ಪ ಅಂದು ಸಂಜೆಯೇ ಕಳುಹಿಸಿದರು. ಅದರಲ್ಲಿ 15 ಸಾವಿರ ಡಾಲರ್‌ನ ಟೂರ್ನಿ ಒಂದೂ ಇರಲಿಲ್ಲ.