ಚೆಷೈರ್‌ನ ಹೊಂಡದಲ್ಲಿ ಟೆಂಚ್ ಮೀನಿಗೆ ಗಾಳ

ಇಂಗ್ಲೆಂಡಿನ ಚೆಷೈರ್ ಬಯಲಿನಲ್ಲಿ ಹೊಲಗಳ ನಡುವೆ ಅಲ್ಲಲ್ಲಿ ಮರಗಳ ಗುಂಪು ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಬಹುತೇಕ ಗುಂಪುಗಳ ಒಳಗೆ ಒಂದು ಹೊಂಡವಿರುತ್ತದೆ. ಹಿಂದಿನ ಶತಮಾನಗಳ ರೈತರು ಇಲ್ಲಿ ಮಾರ್ಲ್ ಎಂಬ ಸುಣ್ಣಭರಿತ ಜೇಡಿಮಣ್ಣನ್ನು ಅಗೆದು ಹೊಲಕ್ಕೆ ಹರಡುತ್ತಿದ್ದರು. ಬೇಸಿಗೆಯಲ್ಲಿ ಕೆರೆಗೋಡು ತೋಡಿ ಗದ್ದೆಗೆ ಹೊಡೆಯುತ್ತಿದ್ದ ಮನೆಯವನಾದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅಗೆದ ಗುಂಡಿಯಲ್ಲಿ ನೀರು ನಿಂತಿತು, ಜೊಂಡು ಬೆಳೆಯಿತು, ಮೀನು ಸೇರಿತು. ಅಂಥ ಹೊಂಡಗಳಲ್ಲಿ ದೊಡ್ಡದೊಂದು, ನಮ್ಮ ಕಡೆಯ ಸಣ್ಣ ಕೆರೆಯಷ್ಟು ಅಗಲವಿರುವುದು, ನನ್ನ ಮನೆಯಿಂದ ಅರ್ಧ ಗಂಟೆಯ ದಾರಿ. ಜಮೀನಿನ ಯಜಮಾನ ದಿನದ ಲೆಕ್ಕದಲ್ಲಿ ಹಣ ಪಡೆದು ಗಾಳ ಹಾಕಲು ಬಿಡುತ್ತಾನೆ. ಮೇ ಕೊನೆಯಿಂದ ಬೇಸಿಗೆ ಮುಗಿಯುವವರೆಗೆ ಬಿಡುವಿನ ಶನಿವಾರಗಳೆಲ್ಲ ನನಗೆ ಅಲ್ಲೇ.

ಇಲ್ಲಿಯವರು ಸಿಹಿನೀರಿನ ಮೀನುಗಳಲ್ಲೂ ಜಾತಿ ಮಾಡಿದ್ದಾರೆ. ಸಾಲ್ಮನ್, ಟ್ರೌಟ್ ಮೇಲಿನ ಪಂಕ್ತಿಯವು. ರೋಚ್, ರಡ್, ಪರ್ಚ್, ಬ್ರೀಮ್, ಟೆಂಚ್, ಗೆಂಡೆ, ಪೈಕ್ ಇವೆಲ್ಲ ಸೇರಿ ‘ಕೋರ್ಸ್’ ಮೀನು. ಟ್ರೌಟ್ ಹೊಳೆಗಳು ಬಹುಕಾಲ ಜಮೀನ್ದಾರರ ಸ್ವತ್ತಾಗಿದ್ದವು; ಶೆಫೀಲ್ಡ್, ಬರ್ಮಿಂಗ್‌ಹ್ಯಾಮ್‌ಗಳ ಕಾರ್ಖಾನೆ ಕೆಲಸಗಾರರು ರಜೆಯ ದಿನ ರೈಲು ಹತ್ತಿ ಬಂದು ಕಾಲುವೆ, ಹೊಂಡಗಳ ದಂಡೆಯಲ್ಲಿ ಕೂರುತ್ತಿದ್ದರು. ಈ ಬಡ ಮೀನುಗಳಿಗೂ ಮೊಟ್ಟೆಯಿಡುವ ಕಾಲದಲ್ಲಿ ವಿರಾಮ ಬೇಕೆಂದು 1878ರಲ್ಲಿ ಕಾಯಿದೆ ತಂದವರೂ ಶೆಫೀಲ್ಡಿನ ಸಂಸದರೇ. ಇಂದಿಗೂ ಇಂಗ್ಲೆಂಡಿನ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಕೋರ್ಸ್ ಮೀನಿಗೆ ಗಾಳ ಹಾಕುವಂತಿಲ್ಲ. ನಿಂತ ನೀರಿಗೆ ಹೆಚ್ಚಿನ ಕಡೆ ಈ ನಿರ್ಬಂಧ ಇಲ್ಲವಾದ್ದರಿಂದ ನನ್ನ ಹೊಂಡ ಮೇ ತಿಂಗಳಲ್ಲೂ ತೆರೆದಿರುತ್ತದೆ. ಲೈಸೆನ್ಸ್ ಮಾತ್ರ ಎಲ್ಲಿಗೆ ಹೋದರೂ ಬೇಕು. 13 ವರ್ಷ ತುಂಬಿದ ಯಾರೇ ಆಗಲಿ ಅದಿಲ್ಲದೆ ಕೋಲು ಹಿಡಿದು ಕೂತರೆ 2,500 ಪೌಂಡ್‌ವರೆಗೂ ದಂಡ ಬೀಳಬಹುದು. ಯಜಮಾನನಿಗೆ ಕೊಡುವ ಹಣ ಬೇರೆ, ಸರ್ಕಾರದ ಲೈಸೆನ್ಸ್ ಬೇರೆ. ಹೊಸಬರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ತಯಾರಿ ಹಿಂದಿನ ಸಂಜೆಯೇ ಶುರುವಾಗುತ್ತದೆ, ಅದೂ ಅಡುಗೆಮನೆಯಲ್ಲಿ. ಗಾಂಜಾ ಜಾತಿಯ ಹೆಂಪ್ ಗಿಡದ ಬೀಜವನ್ನು ನೆನೆಹಾಕಿ, ಸಿಪ್ಪೆ ಒಡೆದು ಬಿಳಿ ಮೊಳಕೆ ಇಣುಕುವವರೆಗೆ ಬೇಯಿಸಬೇಕು. ಇದು ಕೊಕ್ಕೆಗಲ್ಲ, ಮೀನನ್ನು ಒಂದು ಕಡೆ ಸೇರಿಸಲು ನೀರಿಗೆ ಚೆಲ್ಲುವುದಕ್ಕೆ. ಅಂಗಡಿಯಿಂದ ತಂದ ಮ್ಯಾಗಟ್‌ಗಳು, ಅಂದರೆ ನೊಣದ ಮರಿಹುಳುಗಳು, ರಾತ್ರಿ ಫ್ರಿಜ್ಜಿನಲ್ಲಿರಬೇಕು. ಹೊರಗಿಟ್ಟರೆ ಬೇಗ ಕೋಶ ಕಟ್ಟುತ್ತವೆ, ಆಮೇಲೆ ನೊಣವಾಗಿ ಹಾರುತ್ತವೆ. ಈ ವಿಷಯದಲ್ಲಿ ನನ್ನ ಮನೆಯಲ್ಲಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ. ಬಿಗಿ ಮುಚ್ಚಳದ ಡಬ್ಬಿ, ಅದಕ್ಕೊಂದು ಚೀಲ, ಕೆಳಗಿನ ಖಾನೆ ಎಂಬಲ್ಲಿಗೆ ರಾಜಿಯಾಗಿದೆ. ಹುಳುಗಳಿಗೆ ಅರಿಶಿನ ಬೆರೆಸುವುದು ಇಂಗ್ಲೆಂಡಿನ ಗಾಳಗಾರರ ಹಳೆಯ ಅಭ್ಯಾಸ. ಅದನ್ನು ಕೇಳಿದ ದಿನ ನಮ್ಮ ಡಬ್ಬಿಯಿಂದ ಎರಡು ಚಮಚ ಎತ್ತಿದೆ, ಈಗ ನನಗೆಂದೇ ಬೇರೆ ಪೊಟ್ಟಣ ಬರುತ್ತದೆ. ಕೊಕ್ಕೆಗೆ ಮಾತ್ರ ನನ್ನ ಆಯ್ಕೆ ಡಬ್ಬಿಯ ಮೆಕ್ಕೆಜೋಳದ ಕಾಳು. ಹುಳು ಚುಚ್ಚಿದರೆ ಬೆರಳುದ್ದದ ರಡ್ ಮೀನುಗಳು ಟೆಂಚ್ ಬರುವ ಮೊದಲೇ ಚೊಕ್ಕಟ ಮಾಡಿಬಿಡುತ್ತವೆ.

ಜೂನ್ ತಿಂಗಳಲ್ಲಿ ಇಲ್ಲಿ ಐದು ಗಂಟೆಗೆ ಮೊದಲೇ ಸೂರ್ಯ ಹುಟ್ಟುತ್ತಾನೆ. ಆ ಹೊತ್ತಿಗೆ ದಂಡೆಯಲ್ಲಿರಬೇಕು. ಟೆಂಚ್ ಉಣ್ಣುವುದು ಹೆಚ್ಚಾಗಿ ಬೆಳಗಿನ ತಂಪಿನಲ್ಲಿ. ಕುರ್ಚಿ ಬಿಡಿಸುವುದಕ್ಕೆ ಮುಂಚೆ ನಾನು ಮಾಡುವ ಕೆಲಸ ಆಳ ನೋಡುವುದು. ಕೊಕ್ಕೆಗೆ ಭಾರದ ಬಟ್ಟೊಂದನ್ನು ಸಿಕ್ಕಿಸಿ ಎಸೆದರೆ, ಬೆಂಡು ಮುಳುಗಿದೆಯೋ ತೇಲಿದೆಯೋ ಎಂಬುದರಿಂದ ಆಳ ತಿಳಿಯುತ್ತದೆ. ಬೆಂಡನ್ನು ದಾರದ ಮೇಲೆ ಹಿಂದೆ ಮುಂದೆ ಸರಿಸುತ್ತ, ಒಂದೊಂದು ಮಾರು ಪಕ್ಕಕ್ಕೆ ಎಸೆಯುತ್ತ ಹೋದರೆ ಕಣ್ಣಿಗೆ ಕಾಣದ ನೆಲ ಕೈಗೆ ತಿಳಿಯತೊಡಗುತ್ತದೆ. ಇಲ್ಲಿ ಎರಡೂವರೆ ಅಡಿಯ ಮೆಟ್ಟಿಲು, ಅದರಾಚೆ ಥಟ್ಟನೆ ಐದು ಅಡಿ, ನೈದಿಲೆ ಎಲೆಗಳ ಅಂಚಿಗೆ ಮೆತ್ತನೆಯ ಕೆಸರು. ಮೆಟ್ಟಿಲಿನ ಬುಡದಲ್ಲೇ ಮೀನು ಓಡಾಡುವುದು. ಇಡೀ ದಿನದಲ್ಲಿ ನನಗೆ ಅತಿ ಪ್ರಿಯವಾದ ಅರ್ಧ ಗಂಟೆ ಇದೇ ಎಂದರೆ ಪಕ್ಕದವರು ನಗುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಆಳವನ್ನೇ ನೋಡುವುದಿಲ್ಲ. ಮೀನು ಬರಲಿಲ್ಲ ಎಂದು ಮಧ್ಯಾಹ್ನ ಗೊಣಗುವವರೂ ಅವರೇ.

ನನ್ನ ಬೆಂಡು ನವಿಲುಗರಿಯ ದಂಟು. ಊರಿನಲ್ಲಿ ಹೊಲದಲ್ಲಿ ಉದುರಿದ ಗರಿಯ ಎಳೆ ಕಿತ್ತು ಬೆಂಡು ಮಾಡುತ್ತಿದ್ದೆವು. ಇಲ್ಲಿಯ ಹಳೆಯ ಗಾಳಗಾರರೂ ನವಿಲುಗರಿಗೇ ಮಾರುಹೋದವರು. ಅಂಗಡಿಯಲ್ಲಿ ಅದಕ್ಕೆ ತುದಿಗೆ ಕೆಂಪು ಬಳಿದು ದುಡ್ಡು ತೆಗೆದುಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ. ಈ ಬೆಂಡಿನ ಬುಡವನ್ನು ಮಾತ್ರ ರಬ್ಬರ್ ಕೊಳವೆಯ ತುಂಡಿನಿಂದ ದಾರಕ್ಕೆ ಸಿಕ್ಕಿಸುತ್ತೇನೆ. ಕೊಕ್ಕೆಯಿಂದ ಮೂರಂಗುಲ ಮೇಲೆ ಒಂದೇ ಒಂದು ದಪ್ಪ ಗುಂಡು, ಬೆಂಡನ್ನು ಮುಳುಗಿಸುವಷ್ಟು ಭಾರದ್ದು. ಗುಂಡು ಸೀಸದ್ದಾಗಿರಬಾರದು. ಜಲ್ಲಿಯ ಜೊತೆ ಸೀಸ ನುಂಗಿ ಹಂಸಗಳು ಸಾಯುತ್ತಿದ್ದುದರಿಂದ 1987ರಲ್ಲಿ ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿದರು. ಆಳಕ್ಕಿಂತ ತುಸು ಹೆಚ್ಚು ದಾರ ಬಿಟ್ಟು ಎಸೆದರೆ ಬೆಂಡು ಮೊದಲು ನೀರಿನ ಮೇಲೆ ಮಲಗಿರುತ್ತದೆ. ಕೋಲನ್ನು ಆನಿಕೆಗೆ ಒರಗಿಸಿ ದಾರವನ್ನು ಮೆಲ್ಲಗೆ ಸುತ್ತಿದಂತೆ ಅದು ಎದ್ದು ನಿಲ್ಲುತ್ತದೆ, ಇನ್ನೂ ಸುತ್ತಿದರೆ ಕೆಂಪು ತುದಿಯೊಂದೇ ಉಳಿಯುತ್ತದೆ. ಗುಂಡು ತಳದಲ್ಲಿ ಕೂತಿದೆ, ದಾರ ಬಿಗಿಯಾಗಿದೆ. ಈಗ ಟೆಂಚ್ ತಲೆ ಕೆಳಗೆ ಮಾಡಿ ಕಾಳನ್ನು ಬಾಯಿಗೆ ತೆಗೆದುಕೊಂಡು ಮತ್ತೆ ನೆಟ್ಟಗಾಗುವಾಗ ಗುಂಡೂ ಜೊತೆಗೆ ಮೇಲೇಳುತ್ತದೆ. ಭಾರ ಕಳೆದುಕೊಂಡ ಬೆಂಡು ಮುಳುಗುವ ಬದಲು ನೀರಿನಿಂದ ಗೇಣುದ್ದ ಎದ್ದು ಅಡ್ಡ ಬೀಳುತ್ತದೆ. ಬೆಂಡು ಮುಳುಗುವುದನ್ನೇ ನೋಡಿ ಬೆಳೆದ ಕಣ್ಣಿಗೆ ಇದು ಮೊದಮೊದಲು ತಲೆಕೆಳಗಾದ ಸಂಗತಿ. ಅಡ್ಡ ಬೀಳುವವರೆಗೂ ಕಾಯಬಾರದು. ಏಳುತ್ತಿರುವಾಗಲೇ ಕೋಲು ಎತ್ತಬೇಕು.

ಆದರೆ ಅದಕ್ಕೆ ಮೊದಲು ಗುಳ್ಳೆಗಳು. ಹೆಂಪ್ ಬೀಜ ಒಂದು ಹಿಡಿ, ಕಾಳು ಏಳೆಂಟು ಚೆಲ್ಲಿ ಸುಮ್ಮನೆ ಕೂತರೆ, ಕೆಲವೊಮ್ಮೆ ಕಾಲು ಗಂಟೆಯಲ್ಲಿ, ಕೆಲವೊಮ್ಮೆ ಎರಡು ಗಂಟೆಯ ಮೇಲೆ, ನೈದಿಲೆ ಎಲೆಯ ಪಕ್ಕದಲ್ಲಿ ಸಾಸಿವೆಗಾತ್ರದ ಗುಳ್ಳೆಗಳು ಗುಂಪಾಗಿ ಏಳುತ್ತವೆ. ಕೆಸರಿನ ಗಾಳಿ ಸುಮ್ಮನೆ ಹೊರಬಂದರೆ ಗುಳ್ಳೆ ದೊಡ್ಡದು, ಒಂದೇ ಜಾಗದಲ್ಲಿ ಎರಡು ಮೂರು ಎದ್ದು ನಿಂತುಹೋಗುತ್ತದೆ. ಟೆಂಚ್ ಕೆಸರು ಕೆದಕುವಾಗ ಬರುವುದು ಸಣ್ಣ ನೊರೆ, ಅದು ನಡೆಯುತ್ತದೆ: ಎಲೆಯ ಅಂಚಿನಿಂದ ನನ್ನ ಬೆಂಡಿನ ಕಡೆಗೆ, ಮತ್ತೆ ಬೇಸರಗೊಂಡು ಹಿಂದಕ್ಕೆ. ಆಗ ಇನ್ನೊಂದು ಹಿಡಿ ಚೆಲ್ಲುವ ಆಸೆಯನ್ನು ತಡೆದುಕೊಳ್ಳಬೇಕು. ಮೀನು ಕಚ್ಚಿದ ಮೇಲಿನ ಸಂಭ್ರಮ ಎಲ್ಲರಿಗೂ ಗೊತ್ತಿರುವುದೇ. ನಾನು ಇಷ್ಟು ದೂರ ಬರುವುದು ಈ ಗುಳ್ಳೆಗಳಿಗಾಗಿ.

ಸಿಕ್ಕ ಟೆಂಚ್ ಓಡುವುದಿಲ್ಲ, ಹಟ ಹಿಡಿದು ಕೆಳಕ್ಕೆ, ಎಲೆಗಳ ಬೇರಿನ ಕಡೆಗೆ ಎಳೆಯುತ್ತದೆ. ಒಂದೂವರೆ ಕಿಲೋ ಮೀನೂ ಕೋಲನ್ನು ಚೆನ್ನಾಗಿ ಬಾಗಿಸುತ್ತದೆ. ಬಲೆಯಲ್ಲಿ ಎತ್ತಿ ಒದ್ದೆ ಚಾಪೆಯ ಮೇಲೆ ಮಲಗಿಸಿ, ಒದ್ದೆ ಮಾಡಿಕೊಂಡ ಕೈಯಿಂದ ಮುಟ್ಟಿದರೆ ಸೀಳಿದ ಲೋಳೆಸರದ ತಿರುಳು ಮುಟ್ಟಿದಂತೆ. ಹುರುಪೆಗಳು ಎಷ್ಟು ಸಣ್ಣವೆಂದರೆ ಇಲ್ಲವೇ ಇಲ್ಲ ಎನ್ನಬೇಕು. ಬೆನ್ನು ಕಡು ಹಸಿರು, ಹೊಟ್ಟೆಯ ಕಡೆಗೆ ಹಳದಿ ಬೆರೆತ ಕಂದು, ಬಾಲದ ಬುಡ ಮಣಿಕಟ್ಟಿನಷ್ಟು ದಪ್ಪ, ಕಣ್ಣು ಚಿಕ್ಕದು, ಕೆಂಪು. ಹೊಟ್ಟೆಯಡಿಯ ರೆಕ್ಕೆ ದೊಡ್ಡದಾಗಿ ಸೌಟಿನ ಆಕಾರದಲ್ಲಿದ್ದರೆ ಗಂಡು. ಇದರ ಲೋಳೆಗೆ ಮೈ ಉಜ್ಜಿ ಬೇರೆ ಮೀನುಗಳು ಗಾಯ ವಾಸಿಮಾಡಿಕೊಳ್ಳುತ್ತವೆಂದು ಇಲ್ಲಿಯ ಹಳಬರ ನಂಬಿಕೆ. ವೈದ್ಯ ಮೀನು ಎಂದೇ ಅದಕ್ಕೆ ಹೆಸರು. ಬ್ರಿಟನ್ನಿನ ದಾಖಲೆಯ ಟೆಂಚ್ 15 ಪೌಂಡ್ ದಾಟಿದೆ. ನನ್ನ ಹೊಂಡದಲ್ಲಿ ನಾಲ್ಕು ಪೌಂಡಿನದು ಸಿಕ್ಕರೆ ಯಜಮಾನನೇ ನೋಡಲು ಬರುತ್ತಾನೆ.

ಹತ್ತು ಗಂಟೆಗೆ ಬಿಸಿಲೇರಿದರೆ ಟೆಂಚ್ ಮುಗಿಯಿತು. ಚಿತ್ರಾನ್ನ ತಿಂದು, ಸಣ್ಣ ಕೊಕ್ಕೆ ಕಟ್ಟಿ, ಉಳಿದ ಹುಳುಗಳಿಂದ ರಡ್ ಹಿಡಿಯುತ್ತೇನೆ. ಕೆಳದವಡೆ ಮುಂದಕ್ಕೆ ಚಾಚಿದ, ರೆಕ್ಕೆಗಳೆಲ್ಲ ಕುಂಕುಮ ಬಣ್ಣದ ಈ ಮೀನಿನಷ್ಟು ಚೆಂದದ್ದು ಈ ನೀರಿನಲ್ಲಿ ಬೇರೆ ಇಲ್ಲ. ಆಚೆ ದಂಡೆಯಲ್ಲಿ ದೊಡ್ಡ ಗೆಂಡೆಗೆ ಕಾಯುವವರು ಟೆಂಟ್ ಹಾಕಿ, ಸಾಲಾಗಿ ಕೋಲು ಇಟ್ಟು, ಮೀನು ಕಚ್ಚಿದರೆ ಕೂಗುವ ಅಲಾರ್ಮ್ ಸಿಕ್ಕಿಸಿ ಮಲಗಿರುತ್ತಾರೆ. ಅವರಿಗೆ ಸಿಗುವ ಮೀನಿನ ತೂಕ ನನ್ನ ಇಡೀ ಬೇಸಿಗೆಯ ಮೀನಿಗೆ ಸಮ ಇರಬಹುದು. ನಿದ್ದೆ ಮಾಡಲು ಅಷ್ಟು ದೂರ ಹೋಗಬೇಕೇ ಎಂಬುದು ನನ್ನ ಪ್ರಶ್ನೆ.

ನನ್ನ ಮುಂದಿಡುವ ಪ್ರಶ್ನೆ ಬೇರೆ. ಊರಿಗೆ ಫೋನ್ ಮಾಡಿದಾಗಲೆಲ್ಲ, ಹಿಡಿದದ್ದನ್ನೆಲ್ಲ ನೀರಿಗೇ ಬಿಡುವೆಯಾ, ಕೈಗೆ ಬಂದ ತುತ್ತು ಬಾಯಿಗೆ ಬೇಡವೇ ಎನ್ನುತ್ತಾನೆ ತಮ್ಮ. ಇಲ್ಲಿಯ ನಿಯಮವೇ ಹಾಗೆ ಎಂದರೆ ಅರ್ಧ ಉತ್ತರ. ಮುಳ್ಳಿಲ್ಲದ ಕೊಕ್ಕೆ ಹಾಕುವುದು, ಚಾಪೆ ಒದ್ದೆ ಮಾಡುವುದು, ಮೀನು ಕೈಯಿಂದ ತಾನಾಗಿ ಜಾರಿಕೊಳ್ಳುವವರೆಗೆ ನೀರಿನಲ್ಲಿ ಹಿಡಿದಿರುವುದು ನನಗೀಗ ಎರೆ ಚುಚ್ಚುವಷ್ಟೇ ಸಹಜ. ಸಾರಿಗೆ ಮೀನು ಬೇಕಾದರೆ ಊರಿನ ಕೆರೆ ಇದ್ದೇ ಇದೆ. ಅಲ್ಲಿ ಹಿಡಿದದ್ದನ್ನು ಬಿಟ್ಟರೆ ತಮ್ಮ ನನ್ನನ್ನೇ ಕೆರೆಗೆ ತಳ್ಳುತ್ತಾನೆ.

ಸಂಜೆಯ ಕೆಲಸಗಳು ಬೇಸರದವು, ಆದರೂ ಬಿಡುವಂತಿಲ್ಲ. ಒಂದು ನೀರಿನ ರೋಗ, ಕಳೆ, ವಿದೇಶಿ ಸಿಗಡಿ ಇನ್ನೊಂದು ನೀರಿಗೆ ಹೋಗದಂತೆ ಬಲೆ, ಚಾಪೆ ಎರಡನ್ನೂ ತೊಳೆದು ಪೂರ್ತಿ ಒಣಗಿಸಬೇಕು. ಟೆಂಚ್ ಲೋಳೆ ಹತ್ತಿದ ಬಲೆಯ ವಾಸನೆಗೆ ನಮ್ಮ ಮನೆಯೊಳಗೆ ಪ್ರವೇಶವಿಲ್ಲ, ಹಿತ್ತಲ ತಂತಿಯೇ ಗತಿ. ಮಿಕ್ಕ ಬೀಜವನ್ನು ಫ್ರೀಜರಿಗೆ ಹಾಕುತ್ತೇನೆ. ಮಿಕ್ಕ ಹುಳುಗಳನ್ನು ಫ್ರಿಜ್ಜಿನ ಕೆಳಖಾನೆಗೆ ಮರಳಿಸುವ ಪ್ರಸ್ತಾಪ ಪ್ರತಿ ಸಲವೂ ಬಿದ್ದುಹೋಗುವುದರಿಂದ ಹಿತ್ತಲಿನ ರಾಬಿನ್ ಹಕ್ಕಿ ನಮ್ಮ ಬೇಲಿ ಬಿಟ್ಟು ಕದಲುವುದಿಲ್ಲ.