ಹೆಬ್ಬೆರಳ ಉಂಗುರದಿಂದ ಬೆರಳು ನೋಯದಿರಲು

ತುರ್ಕಿ ಅಥವಾ ಮೊಘಲ್ ಶೈಲಿಯ ಬಿಲ್ಲುಗಾರಿಕೆ ಕಲಿಯುವವರಲ್ಲಿ ಹಲವರು ಹೆಬ್ಬೆರಳು ನೋಯುತ್ತದೆಂದು, ಬಿಲ್ಲಿನ ಹೆದೆ ಎಳೆಯಲು ಆ ಬೆರಳಿಗೆ ತೊಡುವ ಉಂಗುರವನ್ನೇ ಬಿಟ್ಟುಬಿಡುವುದು ನನಗೆ ಬೇಸರದ ಸಂಗತಿ, ಏಕೆಂದರೆ ಆ ನೋವಿಗೆ ಹೆಚ್ಚಾಗಿ ಉಂಗುರದ ಅಳತೆ ಅಥವಾ ತೊಡುವ ಕ್ರಮವೇ ಕಾರಣವಾಗಿರುತ್ತದೆ.

ಉಂಗುರದ ರಂಧ್ರ ಮೊಟ್ಟೆಯಾಕಾರದಲ್ಲಿರಬೇಕು. ಉಂಗುರದ ಚಾಚಿದ ತುದಿ ಬೆರಳಿನ ಪಕ್ಕಕ್ಕೆ ಬರುವಂತೆ ಹಿಡಿದು ಗೆಣ್ಣನ್ನು ದಾಟಿಸಿ, ಬಳಿಕ ಕಾಲು ಸುತ್ತು ತಿರುಗಿಸಿ ಆ ತುದಿಯನ್ನು ಹೆಬ್ಬೆರಳಿನ ಒಳಮೈಗೆ ತಂದರೆ, ಅಗಲವಾದ ಗೆಣ್ಣೇ ಉಂಗುರ ಕಳಚದಂತೆ ತಡೆಯುತ್ತದೆ. ಬೆರಳು ಮಡಚಿದಾಗ ಅಂಚು ಚರ್ಮವನ್ನು ಕಚ್ಚಿದರೆ ಆ ಅಂಚನ್ನು ನಯವಾದ ಮರಳುಕಾಗದದಿಂದ ಉಜ್ಜಿ ದುಂಡಗಾಗಿಸಿ. ಬಿಸಿಲಿನಲ್ಲಿ ಬೆರಳು ಉಬ್ಬುತ್ತದೆ, ಚಳಿಯಲ್ಲಿ ಕುಗ್ಗುತ್ತದೆ. ಆದ್ದರಿಂದ ಉಂಗುರವನ್ನು ತುಸು ಸಡಿಲವಾಗಿಯೇ ಆರಿಸಿಕೊಂಡು, ಒಳಗೆ ತೆಳುವಾದ ಚರ್ಮದ ಪಟ್ಟಿ ಇಟ್ಟು ಸರಿಹೊಂದಿಸುವುದು ಒಳ್ಳೆಯದು.

ಎಳೆಯುವಾಗ ಹೆದೆ ಉಂಗುರದ ಮೇಲೆಯೇ ಕೂರಬೇಕು, ಬೆರಳಿನ ಮಾಂಸಕ್ಕೆ ತಾಗಬಾರದು. ತೋರುಬೆರಳು ಹೆಬ್ಬೆರಳಿನ ತುದಿಯನ್ನು ಹಗುರವಾಗಿ ಹಿಡಿದಿದ್ದರೆ ಸಾಕು. ಬಿಗಿಯಾಗಿ ಒತ್ತಿದರೆ ಉಗುರಿನ ಬುಡ ನೋಯುವುದಲ್ಲದೆ ಬಾಣ ಬಿಡುವ ಕ್ಷಣದಲ್ಲಿ ಕೈಯೂ ತಡವರಿಸುತ್ತದೆ. ಬಲಗೈಯಿಂದ ಎಳೆಯುವವರು ಬಾಣವನ್ನು ಬಿಲ್ಲಿನ ಬಲಬದಿಯಲ್ಲಿ ಇಡಬೇಕು. ಮೊದಮೊದಲು ಹಗುರವಾದ ಬಿಲ್ಲನ್ನೇ ಬಳಸಿ, ಬೆರಳು ಮರಗಟ್ಟಿದರೆ ಅಂದಿನ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ.